ಲಾರ್ಡ್ ಫಿಯರ್‌ನ ಕೋಟೆ, ನಮ್ಮ ಬಣ್ಣದ ವೇಷ

ಇಂಗ್ಲೆಂಡಿನಲ್ಲಿ ನನ್ನ ವಯಸ್ಸಿನವರ ಹತ್ತಿರ ‘ನೈಟ್‌ಮೇರ್’ ಅಂದರೆ ಸಾಕು, ಮುಖ ಅರಳುತ್ತದೆ. 1987ರಿಂದ 1994ರವರೆಗೆ ಐಟಿವಿ ಎಂಬ ಟೀವಿ ವಾಹಿನಿಯಲ್ಲಿ ಬರುತ್ತಿದ್ದ ಮಕ್ಕಳ ಆಟ ಅದು. ಕರಾವಳಿಯಲ್ಲಿ ಬೆಳೆದ ನಾನು ಆಗ ನೋಡಿರಲಿಲ್ಲ. ಈಗ ಮಗಳ ಜೊತೆ ಹಳೆಯ ಕಂತುಗಳನ್ನು ನೋಡುತ್ತಿದ್ದೇನೆ. ನನಗೆ ಹಿಡಿಸಿದ್ದು ಖಳನಾಯಕ ಲಾರ್ಡ್ ಫಿಯರ್‌ನ ಕೋಟೆ. ಆರನೇ ಸರಣಿಯಲ್ಲಿ ಮೌಂಟ್ ಫಿಯರ್, ಏಳರಲ್ಲಿ ಲಿಂಗ್‌ಹಾರ್ಮ್, ಎಂಟರಲ್ಲಿ ಮಾರ್ಬಲ್‌ಹೆಡ್. ವರ್ಷಕ್ಕೊಂದು ಮನೆ ಬದಲಿಸುವ ಬಾಡಿಗೆದಾರನ ಹಾಗೆ!

ನಿಜದಲ್ಲಿ ಅಲ್ಲಿ ಕೋಟೆಯೇ ಇರಲಿಲ್ಲ. ಇದ್ದದ್ದು ನಾರ್ವಿಚ್‌ನ ಸ್ಟುಡಿಯೋದಲ್ಲಿ ಒಂದು ನೀಲಿ ಕೋಣೆ. ಗೋಡೆ, ಬಾಗಿಲು ಎಲ್ಲ ಆಟ ನಡೆಯುವಾಗಲೇ ಪರದೆಯ ಮೇಲೆ ಕೂಡಿಸಿದ್ದು. ಒಳಗೆ ಹೋಗುವ ಹುಡುಗನ ತಲೆಗೆ ದೊಡ್ಡ ಹೆಲ್ಮೆಟ್, ಕಾಲಬುಡ ಬಿಟ್ಟರೆ ಏನೂ ಕಾಣದು. ಮೂವರು ಗೆಳೆಯರು ಬೇರೆ ಕಡೆ ಕೂತು, ಪರದೆ ನೋಡಿ ದಾರಿ ಹೇಳಬೇಕು. “ಮುಂದೆ ನಡಿ. ನಿಲ್ಲು. ಎಡಕ್ಕೆ ಒಂದು ಹೆಜ್ಜೆ ಸರಿ.” ಮಾತು ಒಂಚೂರು ತಡವಾದರೆ ಹುಡುಗ ಪ್ರಪಾತಕ್ಕೆ. ಅಯ್ಯೋ ಪಾಪ ಅನ್ನುವವರಿಲ್ಲ, ಮುಂದಿನ ತಂಡ ಬರುತ್ತದೆ. ಎಂಟು ಸರಣಿಗಳಲ್ಲಿ ಗೆದ್ದದ್ದು 8 ತಂಡ ಮಾತ್ರ.

ಊರಲ್ಲಿ ನಾವು ನೋಡಿದ ಲಂಕೆಗೂ ಗೋಡೆ ಇರಲಿಲ್ಲ, ಅಲ್ವಾ? ಯಕ್ಷಗಾನದ ರಂಗಸ್ಥಳದಲ್ಲಿ ಒಂದು ರಥ, ಅಂದರೆ ಮರದ ಪೀಠ. ತೆರೆಯ ಹಿಂದೆ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ. ಚೆಂಡೆ ಜೋರಾಗುತ್ತದೆ, ದೊಂದಿಗೆ ಎರಚಿದ ರಾಳದ ಹುಡಿ ಭಗ್ಗೆಂದು ಉರಿಯುತ್ತದೆ, ತೆರೆಯ ಮೇಲಂಚಿನಿಂದ ಕಿರೀಟದ ತುದಿ ಕಾಣುತ್ತದೆ. ಮುಖ ಕಾಣುವ ಮೊದಲೇ ನಾವು ಅಮ್ಮನ ಸೆರಗಿನೊಳಗೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಬರೀ ಮಾತಿನಲ್ಲೇ ಅರಮನೆ ಎದ್ದು ನಿಲ್ಲುತ್ತದೆ. ಹೆದರಿಸುವ ವಿಚಾರದಲ್ಲಿ ನಮ್ಮ ರಾವಣನ ಮುಂದೆ ಲಾರ್ಡ್ ಫಿಯರ್ ಏನೂ ಅಲ್ಲ. ಅವನು ಜಾಸ್ತಿ ಕೊಂಕು ಮಾತಾಡುತ್ತಾನೆ, ಅಷ್ಟೇ.

ಆದರೆ ಒಂದು ಕಡೆ ಅವರದೇ ಮೇಲು. ನಮ್ಮಲ್ಲಿ ಕೋಟೆ ಕಟ್ಟುವ ಮಾತು ಅರ್ಥಧಾರಿಯದು, ಅಂದರೆ ಪಾತ್ರದ ಮಾತಾಡುವ ಕಲಾವಿದನದು, ಮಕ್ಕಳು ಚಾಪೆ ಮೇಲೆ ಕೂತು ನೋಡಬೇಕು. ನೈಟ್‌ಮೇರ್‌ನಲ್ಲಿ ಆ ಮಾತು ಮಕ್ಕಳ ಬಾಯಲ್ಲೇ ಇದೆ. ಗೆಳೆಯನ ಜೀವವೂ ಅದರ ಮೇಲೆಯೇ ನಿಂತಿದೆ. ನಮ್ಮ ಟೀವಿಯಲ್ಲೂ ಮಕ್ಕಳು ಹಾಡುತ್ತಾರೆ, ಕುಣಿಯುತ್ತಾರೆ, ದೊಡ್ಡವರು ಅಂಕ ಕೊಡುತ್ತಾರೆ. ಇಂಗ್ಲೆಂಡಿನ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲೂ ಬಾಯಿಪಾಠದ ಸಂಭಾಷಣೆಯೇ.

ಈ ಸಲ ಅದನ್ನು ಬಿಟ್ಟು ಒಂದು ಲಂಕೆ ಆಡಿಸೋಣ. ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬ ಹನುಮಂತ, ದಾರಿ ಹೇಳಲು ಮೂವರು, ಎಲ್ಲ ಕನ್ನಡದಲ್ಲೇ. ಇಲ್ಲಿ ಹುಟ್ಟಿದ ಮಕ್ಕಳಿಗೆ ಎಡ ಬಲ ಇನ್ನೂ ಗೊಂದಲ. ರಾವಣನ ಕೈಗೆ ಒಂದೆರಡು ಸಲ ಸಿಕ್ಕಿಬಿದ್ದರೆ ತಾನಾಗಿ ಬರುತ್ತದೆ.