ಬಸಪ್ಪ ಬಸಪ್ಪ ಮಲೇಷ್ಯಾಕ್ಕೆ ಹೋದದ್ದು

ಮಲೇಷ್ಯಾದಿಂದ ಬಂದು ಇನ್ನೂ ಸೂಟ್‌ಕೇಸಿನ ಬಟ್ಟೆ ಒಗೆಯಲು ಹಾಕಿಲ್ಲ, ಆಗಲೇ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕೇಳಿದರು: 'ಅಲ್ಲಿಗೆ ವೀಸಾವೇ ಬೇಡವಂತಲ್ಲ, ಸುಮ್ಮನೆ ಹೋಗಿಬಿಡಬಹುದಂತೆ?' ಹಲ್ಲು ಕಚ್ಚಿಕೊಂಡು ನಕ್ಕೆ. ಸುಮ್ಮನೆ ಹೋಗಿಬಿಡಲು ಅದೇನು ನಂಜನಗೂಡೇ?

ಅವರ ಮಾತಿನಲ್ಲಿ ಸುಳ್ಳಿಲ್ಲ. 2023ರ ಡಿಸೆಂಬರ್ 1ರಿಂದ ನಮ್ಮವರು ವೀಸಾ ಇಲ್ಲದೆ 30 ದಿನಗಳವರೆಗೆ ಅಲ್ಲಿದ್ದು ಬರಬಹುದು. ಇಷ್ಟನ್ನು ಎಲ್ಲರೂ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸಿರಬೇಕು, ವಾಪಸು ಟಿಕೆಟ್ ಇರಬೇಕು, ಉಳಿಯುವ ಜಾಗದ ವಿಳಾಸ ಬೇಕು, ಖರ್ಚಿಗೆ ಹಣವಿದೆ ಎಂದು ತೋರಿಸಬೇಕಾದೀತು, ಇವೆಲ್ಲದರ ಮೇಲೆ ಡಿಜಿಟಲ್ ಆಗಮನ ಕಾರ್ಡ್ ಎಂಬುದೊಂದಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಹಿಂದೆ ವೀಸಾ ಕೊಡುವವರು ಇದನ್ನೆಲ್ಲ ಒಂದೇ ಸಲ ಕೇಳಿ, ದುಡ್ಡು ಕಿತ್ತುಕೊಂಡು, ಠಸ್ಸೆ ಒತ್ತಿ ಕಳಿಸುತ್ತಿದ್ದರು. ಈಗ ಠಸ್ಸೆ ಒತ್ತುವವರಿಲ್ಲ, ಕೇಳುವವರು ಮಾತ್ರ ದಾರಿಯುದ್ದಕ್ಕೂ ನಿಂತಿದ್ದಾರೆ. ಕಾಗದ ಸರಿಯಿಲ್ಲವೆಂದು ಆ ದೇಶ ಯಾರನ್ನಾದರೂ ಹಿಂದಕ್ಕೆ ಕಳಿಸಿದರೆ, ಹೊತ್ತು ತರುವ ಹೊಣೆ ವಿಮಾನ ಕಂಪನಿಯ ತಲೆಗೇ ಬರುತ್ತದೆ. ಹಾಗಾಗಿ ಬ್ಯಾಗು ತೂಗುವ ಕೌಂಟರಿನ ಹುಡುಗಿಯೇ ಈಗ ಅರ್ಧ ರಾಯಭಾರಿ.

ನಮ್ಮ ತಂಡದಲ್ಲಿ ಭಾವ ಇದ್ದರು. ಅಕ್ಕನ ಗಂಡ, ಖಜಾನೆ ಇಲಾಖೆಯಲ್ಲಿ ನಿವೃತ್ತರು. ಜೆರಾಕ್ಸ್ ಇಲ್ಲದ ವಸ್ತು ಈ ಲೋಕದಲ್ಲಿ ಇದೆ ಎಂಬುದನ್ನೇ ಅವರು ಒಪ್ಪುವುದಿಲ್ಲ. ನಮ್ಮೆಲ್ಲರ ಪಾಸ್‌ಪೋರ್ಟ್, ಟಿಕೆಟ್, ಹೋಟೆಲ್ ಬುಕಿಂಗು, ಅಷ್ಟೇಕೆ, ತಮ್ಮ ಪಿಂಚಣಿ ಆದೇಶದ ಪ್ರತಿಯನ್ನೂ ಮೂರು ಮೂರು ತೆಗೆಸಿ, ಪ್ರತಿ ಹಾಳೆಯ ಕೆಳಗೆ 'ಸ್ವಯಂ ದೃಢೀಕರಿಸಿದೆ' ಎಂದು ಬರೆದು ಸಹಿ ಮಾಡಿ, ಟ್ಯಾಗು ಕಟ್ಟಿ, ನೀಲಿ ಫೈಲು ಮಾಡಿದ್ದರು. ನನ್ನ ಟಿಕೆಟಿನ ಪ್ರತಿಯನ್ನು ಅವರು ಸ್ವಯಂ ದೃಢೀಕರಿಸುವುದು ಹೇಗೆ ಎಂದು ಕೇಳಿದ್ದಕ್ಕೆ, 'ನಿನಗೆ ಕಚೇರಿ ವ್ಯವಹಾರ ತಿಳಿಯದು' ಎಂದರು.

ಇಂಥ ಮನುಷ್ಯನಿಗೆ ಆಗಮನ ಕಾರ್ಡಿನಂಥ ಶಿಕ್ಷೆ ಇನ್ನೊಂದಿಲ್ಲ. ಅದನ್ನು ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೇ ತುಂಬಬೇಕು, ಮೊದಲೇ ತುಂಬಿಟ್ಟುಕೊಳ್ಳುವಂತಿಲ್ಲ. ತಿಂಗಳ ಮೊದಲೇ ಎಲ್ಲ ಮುಗಿಸಿ ಬೀಗ ಹಾಕುವ ಭಾವನಿಗೆ ನಿದ್ದೆ ಹಾರಿಹೋಯಿತು. ದಿನಾ ಬೆಳಿಗ್ಗೆ ಫೋನು.

'ವಿಮಾನ ಹೊರಡುವುದು ಗುರುವಾರ ರಾತ್ರಿಯಲ್ಲವೇ?'

'ತಲುಪುವುದು ಶುಕ್ರವಾರ ಬೆಳಿಗ್ಗೆ, ಭಾವ.'

'ಹಾಗಾದರೆ ಮೂರು ದಿನವನ್ನು ಯಾವ ಊರಿನ ಗಡಿಯಾರದಿಂದ ಎಣಿಸಬೇಕು? ಅವರದು ನಮಗಿಂತ ಎರಡೂವರೆ ಗಂಟೆ ಮುಂದಿದೆ.'

ಒಂದು ವಿಷಯದಲ್ಲಿ ಮಾತ್ರ ಅವರ ಸರ್ಕಾರಿ ಸೇವೆ ಸಾರ್ಥಕವಾಯಿತು. ಈ ಕಾರ್ಡಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಹುಡುಕಲು ಹೊರಟರೆ ಅದೇ ವೇಷದಲ್ಲಿ ನಿಂತು ಶುಲ್ಕ ಕೇಳುವ ಖಾಸಗಿ ಜಾಲತಾಣಗಳು ಸಿಗುತ್ತವೆ. ಅಕ್ಕನ ಮಗ ತೆರೆದು ಕೂತಿದ್ದು ಅಂಥದ್ದನ್ನೇ. ಭಾವ ಕನ್ನಡಕ ಏರಿಸಿ ನೋಡಿ, 'ಮುಚ್ಚು ಅದನ್ನು. ಯಾವ ಸರ್ಕಾರವೂ ಇಷ್ಟು ಚೆಂದದ ವೆಬ್‌ಸೈಟ್ ಮಾಡುವುದಿಲ್ಲ' ಎಂದರು.

ನಿಜವಾದ ಪೇಚು ಅವರ ಹೆಸರಿನದು. ಭಾವನ ಹೆಸರನ್ನು ಬಸಪ್ಪ ಎಂದಿಟ್ಟುಕೊಳ್ಳಿ; ಅಸಲಿ ಹೆಸರು ಬರೆದರೆ ಮುಂದಿನ ಹಬ್ಬಕ್ಕೆ ನನಗೆ ಅವರ ಮನೆಯಲ್ಲಿ ಎಲೆ ಹಾಕುವುದಿಲ್ಲ. ನಮ್ಮ ಕಡೆಯ ಎಷ್ಟೋ ಹಿರಿಯರಂತೆ ಅವರಿಗೂ ಹೆಸರಿನ ಮುಂದೆ ಇನಿಷಿಯಲ್ ಉಂಟು, ಹಿಂದೆ ಏನೂ ಇಲ್ಲ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲವಾದ್ದರಿಂದ ಅದೂ ಹೋಗಿ, ಸರ್‌ನೇಮಿನ ಜಾಗ ಖಾಲಿ ಉಳಿದು, ಬರೀ ಬಸಪ್ಪ ಆಗಿದ್ದಾರೆ. ಇದೇ ಕಾರಣಕ್ಕೆ ಹಿಂದೊಮ್ಮೆ ದುಬೈ ತಪ್ಪಿತ್ತು. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಪ್ರವಾಸಿಯಾಗಿ ಬರುವಂತಿಲ್ಲ ಎಂದಿತು. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ವಿವರಣೆ ಬರುವಷ್ಟರಲ್ಲಿ ಭಾವ ಸಿಟ್ಟಿಗೆದ್ದು ಧರ್ಮಸ್ಥಳಕ್ಕೆ ಹೋಗಿಬಂದಿದ್ದರು.

ವಿಮಾನದ ಟಿಕೆಟ್ ಮಾಡಿಸುವಾಗ ಸರ್‌ನೇಮಿನ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲಿಲ್ಲ. ಹೆಸರನ್ನೇ ಎರಡು ಸಲ ಬರೆಯಿರಿ ಎಂದು ಅಲ್ಲೇ ಸೂಚನೆಯಿತ್ತು. ಬರೆದೆವು. ಆಗಮನ ಕಾರ್ಡಿನಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬಿದೆವು. ದೇವನಹಳ್ಳಿಯ ಕೌಂಟರಿನಲ್ಲಿ ಆ ಹುಡುಗಿ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡಳು. ಪಾಸ್‌ಪೋರ್ಟಿನಲ್ಲಿ ಒಬ್ಬ ಬಸಪ್ಪ, ಟಿಕೆಟಿನಲ್ಲಿ ಇಬ್ಬರು, ಕಾರ್ಡಿನಲ್ಲಿ ಮತ್ತೆ ಒಬ್ಬ.

'ಸರ್, ನಿಮ್ಮ ಸರ್‌ನೇಮ್ ಏನು?'

'ನಮ್ಮಲ್ಲಿ ಇಲ್ಲಮ್ಮ. ಬೇಕಾದರೆ ಮನೆತನದ ಹೆಸರು ಹೇಳುತ್ತೇನೆ. ನಮ್ಮ ಮುತ್ತಜ್ಜನ ಕಾಲದಲ್ಲಿ...'

ಮುತ್ತಜ್ಜ ತರೀಕೆರೆಯಿಂದ ಎತ್ತಿನ ಗಾಡಿಯಲ್ಲಿ ಹೊರಟು ಕಡೂರು ತಲುಪುವಷ್ಟರಲ್ಲಿ ನಮ್ಮ ಹಿಂದಿನ ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಹುಡುಗಿ ಮೇಲಿನವರನ್ನು ಕರೆದಳು. ಅವರು ಬಂದು ಮೊದಲು ಭಾವನ ಪಾಸ್‌ಪೋರ್ಟನ್ನೂ ಆಮೇಲೆ ಅಕ್ಕನದನ್ನೂ ನೋಡಿ, 'ಇಬ್ಬರದೂ ಹುಟ್ಟಿದ ದಿನ ಜೂನ್ 1?' ಎಂದರು. ಶಾಲೆಗೆ ಸೇರಿಸಿದ ಮೇಷ್ಟ್ರು ಆ ಕಾಲದಲ್ಲಿ ಊರಿಗೆ ಊರನ್ನೇ ಜೂನ್ 1ರಂದು ಹುಟ್ಟಿಸಿದ್ದನ್ನು ಅವರಿಗೆ ಹೇಗೆ ತಿಳಿಸುವುದು? ಅದೃಷ್ಟಕ್ಕೆ ಅವರು ಹಾಸನದ ಕಡೆಯವರು. 'ನಮ್ಮ ತಂದೆಯದೂ ಅದೇ ದಿನ' ಎಂದು ನಕ್ಕು ಬೋರ್ಡಿಂಗ್ ಪಾಸ್ ಕೊಡಿಸಿದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಭಾವ ಗೇಟಿನ ಬಳಿ ಬಾರದೆ ಕಾಫಿ ಕುಡಿಯುತ್ತ ಕೂತಿದ್ದಾಗ ಧ್ವನಿವರ್ಧಕ ಕೂಗಿತು: 'ಮಿಸ್ಟರ್ ಬಸಪ್ಪ ಬಸಪ್ಪ, ದಯವಿಟ್ಟು ಗೇಟಿನ ಬಳಿ ಬನ್ನಿ.' ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ಮಿಸ್ಟರ್ ಬಸಪ್ಪ ಬಸಪ್ಪ.' ಭಾವ ಕೆಂಪಾಗಿ ಎದ್ದು ಬಂದರು. 'ಒಂದು ಸಲ ಕರೆದರೆ ಸಾಲದೇ? ನನಗೇನು ಕಿವುಡೇ?' ಎಂದು ಗೇಟಿನವನನ್ನು ತರಾಟೆಗೆ ತೆಗೆದುಕೊಂಡರು. ಅವನು ಬೋರ್ಡಿಂಗ್ ಪಾಸ್ ನೋಡಿ, ಅತ್ಯಂತ ವಿನಯದಿಂದ, 'ಕ್ಷಮಿಸಿ, ಬಸಪ್ಪ ಬಸಪ್ಪ ಸರ್' ಎಂದ.

ಕೌಲಾಲಂಪುರದಲ್ಲಿ ಇಳಿದಾಗ ಭಾವ ಫೈಲಿನ ಟ್ಯಾಗು ಬಿಚ್ಚಿ ಸಿದ್ಧರಾಗಿದ್ದರು. ವಲಸೆ ಅಧಿಕಾರಿ ಪಾಸ್‌ಪೋರ್ಟ್ ಮಾತ್ರ ತೆಗೆದುಕೊಂಡರು. ಭಾವ ಫೈಲನ್ನು ಗಾಜಿನ ಕೆಳಗೆ ತಳ್ಳಿದರು. ಅಧಿಕಾರಿ ಈಚೆಗೆ ತಳ್ಳಿದರು. ಭಾವ ಹೋಟೆಲ್ ಬುಕಿಂಗಿನ ಹಾಳೆಯನ್ನು ಮೇಲೆ ಬರುವಂತೆ ಜೋಡಿಸಿ ಮತ್ತೆ ತಳ್ಳಿದರು. ಅದು ಮತ್ತೆ ಈಚೆಗೆ ಬಂತು. ಏನನ್ನೂ ಕೇಳದೆ ಒಳಗೆ ಬಿಟ್ಟರಲ್ಲ ಎಂಬ ಅವಮಾನ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಅಕ್ಕನನ್ನು ಮಾತ್ರ ಬಿಡಲಿಲ್ಲ. ಎರಡೂ ತೋರುಬೆರಳುಗಳನ್ನು ಯಂತ್ರದ ಮೇಲೆ ಒತ್ತಬೇಕು. ಅಕ್ಕನ ಬೆರಳಿನ ಗುರುತು ಮೂಡುತ್ತಿಲ್ಲ. ಒತ್ತಿದಳು, ಸೆರಗಿಗೆ ಒರೆಸಿ ಒತ್ತಿದಳು, ಕೆಂಪು ದೀಪ ಹಾಗೇ ಇತ್ತು. 'ರೇಷನ್ ಅಂಗಡಿಯಲ್ಲೂ ನನಗೆ ಇದೇ ಗೋಳು' ಎಂದು ನನ್ನತ್ತ ತಿರುಗಿ ಸಂಕೋಚದಿಂದ ಹೇಳಿದಳು. ಅವಳ ಬೆರಳ ತುದಿ ಅಷ್ಟು ಹತ್ತಿರದಿಂದ ನಾನು ನೋಡಿದ್ದು ಆಗಲೇ. ಪಾತ್ರೆ, ಸೋಪು, ಈರುಳ್ಳಿ, ಬಟ್ಟೆಯ ಕಲ್ಲು, ಎಲ್ಲ ಸೇರಿ ಗೆರೆಗಳನ್ನು ಸವೆಸಿ ನುಣ್ಣಗೆ ಮಾಡಿದ್ದವು. ನಮ್ಮನ್ನೆಲ್ಲ ಓದಿಸಿದ ಕೈ ಅದು. ಅಧಿಕಾರಿ ಒದ್ದೆ ಟಿಶ್ಯೂ ಕೊಟ್ಟು, ನಿಧಾನವಾಗಿ ಒತ್ತಿ ಎಂದು ಸನ್ನೆ ಮಾಡಿದರು. ಕೊನೆಗೆ ಹಸಿರಾಯಿತು.

ಫೈಲಿಗೂ ಒಂದು ಗತಿ ಸಿಕ್ಕಿತು. ಬಾಟು ಗುಹೆಯ 140 ಅಡಿ ಎತ್ತರದ ಮುರುಗನ ಪಕ್ಕದಲ್ಲಿ 272 ಮೆಟ್ಟಿಲು. ಫೈಲನ್ನು ಹೋಟೆಲಿನಲ್ಲಿ ಬಿಡಲು ಒಪ್ಪದ ಭಾವ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹತ್ತುತ್ತಿದ್ದರು. ಅಲ್ಲಿನ ಕೋತಿಗಳಿಗೆ ಚೀಲ ಕಂಡರೆ ಬಲು ಪ್ರೀತಿ. ಒಂದು ಹಾರಿ ಬಂದು ಕಸಿದುಕೊಂಡು, ಕಟಕಟೆಯ ಮೇಲೆ ಕೂತು, ಹಾಳೆಹಾಳೆಯಾಗಿ ಮಗುಚಿ, ಪಿಂಚಣಿ ಆದೇಶವನ್ನು ಮೂಸಿ, ಕೆಳಕ್ಕೆ ಎಸೆದು ಹೋಯಿತು. ಇಡೀ ಮಲೇಷ್ಯಾದಲ್ಲಿ ಆ ಫೈಲನ್ನು ಪರಿಶೀಲಿಸಿದ್ದು ಅದೊಂದೇ.

ಈಗ ಭಾವ ಮುಂದಿನ ಪ್ರವಾಸದ ಮಾತೆತ್ತಿದ್ದಾರೆ. ನೇಪಾಳಕ್ಕಾದರೆ ವೀಸಾ ಹಾಗಿರಲಿ, ನಮ್ಮವರಿಗೆ ಪಾಸ್‌ಪೋರ್ಟೂ ಕಡ್ಡಾಯವಲ್ಲ. ಚುನಾವಣಾ ಆಯೋಗದ ಗುರುತಿನ ಚೀಟಿ ಇದ್ದರೆ ನಡೆಯುತ್ತದೆ. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ಆಗುವುದಿಲ್ಲವಂತೆ ಎಂದು ಅವರೇ ಓದಿಕೊಂಡು ಬಂದರು. ಚೀಟಿ ತೆಗೆಸಿ ನೋಡಿದೆವು. ಹೆಸರಿನ ಎದುರು ಬಸಪ್ಪ, ತಂದೆಯ ಹೆಸರಿನ ಎದುರೂ ಬಸಪ್ಪ. ನಿನ್ನೆಯಿಂದ ಭಾವ ತಿದ್ದುಪಡಿಯ ನಮೂನೆ 8 ಹಿಡಿದು ಓಡಾಡುತ್ತಿದ್ದಾರೆ, ಮೂರು ಜೆರಾಕ್ಸ್ ಸಮೇತ.