ಜನ ಒಪ್ಪುವುದಿಲ್ಲ ಎನ್ನುವವರು ಜನರನ್ನು ಕೇಳಿದ್ದು ಯಾವಾಗ?

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿ, ಅದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂದಿತು. ಅದೇ ವಾರ ಊರಿನಿಂದ ದೊಡ್ಡಪ್ಪ ಫೋನ್ ಮಾಡಿದ್ದರು. ಆರೋಗ್ಯ, ಮಳೆ, ಮಕ್ಕಳ ಓದು ಎಲ್ಲ ಮುಗಿದ ಮೇಲೆ ಮಾತು ತೀರ್ಪಿನ ಕಡೆಗೆ ಹೊರಳಿತು. "ನೀನಿರುವ ದೇಶದಲ್ಲಿ ಜನ ಒಪ್ಪಿಕೊಂಡರು, ಸರಿ. ನಮ್ಮ ಜನ ಇದನ್ನು ಎಂದಿಗೂ ಒಪ್ಪುವುದಿಲ್ಲ ಕಣಪ್ಪ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೆಮ್ಮದಿಯಿತ್ತು. ನನಗೆ ಚುಚ್ಚಿದ್ದು ಆ ನೆಮ್ಮದಿ. ಏಕೆಂದರೆ ನಾನಿರುವ ಆಸ್ಟ್ರೇಲಿಯಾ ಒಪ್ಪಿದ್ದು ನಿಜ, ಆದರೆ ನಾನು ಮನೆ ಮಾಡಿಕೊಂಡಿರುವ ಸಿಡ್ನಿಯ ಪ್ಯಾರಾಮಟ್ಟಾ ಒಪ್ಪಿರಲಿಲ್ಲ.

ಇಲ್ಲಿಯ ಸರ್ಕಾರ 2017ರಲ್ಲಿ ದೇಶದ ಮತದಾರರಿಗೆಲ್ಲ ಅಂಚೆಯಲ್ಲಿ ಒಂದು ಹಾಳೆ ಕಳುಹಿಸಿತು. ಒಂದೇ ಲಿಂಗದ ಇಬ್ಬರು ಮದುವೆಯಾಗಲು ಅವಕಾಶ ಕೊಡುವಂತೆ ಕಾನೂನು ಬದಲಾಗಬೇಕೆ? ಹೌದು ಅಥವಾ ಇಲ್ಲ, ಅಷ್ಟೆ. ಚುನಾವಣೆಯಲ್ಲಿ ಮತ ಹಾಕದಿದ್ದರೆ ದಂಡ ತೆರಬೇಕಾದ ಈ ದೇಶದಲ್ಲಿ ಈ ಒಂದು ಹಾಳೆಗೆ ಮಾತ್ರ ಕಡ್ಡಾಯವಿರಲಿಲ್ಲ. ಆದರೂ ನೂರಕ್ಕೆ 79.5ರಷ್ಟು ಮಂದಿ, ಅಂದರೆ ಸುಮಾರು 1 ಕೋಟಿ 27 ಲಕ್ಷ ಜನ, ಗುರುತು ಹಾಕಿ ವಾಪಸ್ ಕಳುಹಿಸಿದರು. ನವೆಂಬರ್ 15ರಂದು ಫಲಿತಾಂಶ ಬಂತು. ಶೇ 61.6ರಷ್ಟು ಹೌದು, ಶೇ 38.4ರಷ್ಟು ಇಲ್ಲ. ಕ್ಷೇತ್ರವಾರು ಪಟ್ಟಿಯಲ್ಲಿ ನಮ್ಮ ಕ್ಷೇತ್ರವನ್ನು ಹುಡುಕಿದೆ. ಪ್ಯಾರಾಮಟ್ಟಾದಲ್ಲಿ ಇಲ್ಲ ಎಂದವರು ಶೇ 61.6, ಹೌದು ಎಂದವರು ಶೇ 38.4. ದೇಶದ ಲೆಕ್ಕವನ್ನು ಯಾರೋ ತಲೆಕೆಳಗು ಮಾಡಿ ನಮ್ಮ ಮುಂದಿಟ್ಟಂತಿತ್ತು.

150 ಕ್ಷೇತ್ರಗಳಲ್ಲಿ ಇಲ್ಲ ಎಂದದ್ದು 17. ಅವುಗಳಲ್ಲಿ ಹೆಚ್ಚಿನವು ಸಿಡ್ನಿಯ ಪಶ್ಚಿಮದವು, ವಲಸೆ ಬಂದವರು ತುಂಬಿರುವ ಬಡಾವಣೆಗಳು. ಬ್ಲ್ಯಾಕ್ಸ್‌ಲ್ಯಾಂಡ್‌ನಲ್ಲಂತೂ ನೂರಕ್ಕೆ 74ರಷ್ಟು ಜನ ಇಲ್ಲ ಎಂದಿದ್ದರು. ಇತ್ತ ವಿರೋಧಿ ಪ್ರಚಾರದ ಮುಂಚೂಣಿಯಲ್ಲಿದ್ದ ಮಾಜಿ ಪ್ರಧಾನಿ ಟೋನಿ ಅಬಟ್ ಅವರ ಸ್ವಂತ ಕ್ಷೇತ್ರ ವಾರಿಂಗಾದಲ್ಲಿ ಶೇ 75ರಷ್ಟು ಮಂದಿ ಹೌದು ಎಂದರು. ಹಾಳೆಯ ಮೇಲೆ ಯಾರೂ ತಮ್ಮ ಭಾಷೆ, ಧರ್ಮ, ಹುಟ್ಟೂರು ಬರೆದಿರಲಿಲ್ಲ. ಹಾಗಾಗಿ ನಮ್ಮ ಕನ್ನಡದವರು ಎಷ್ಟು ಮಂದಿ ಯಾವ ಕಡೆಗಿದ್ದರೆಂದು ಯಾರೂ ಹೇಳಲಾರರು. ಆದರೆ ಆ ಎರಡು ತಿಂಗಳು ನಮ್ಮವರ ಮನೆಗಳಲ್ಲಿ ಕೇಳಿದ ಮಾತು ನನ್ನ ಕಿವಿಯಲ್ಲಿದೆ. "ಅವರ ಪಾಡಿಗೆ ಅವರಿರಲಿ, ಮದುವೆ ಯಾಕೆ ಬೇಕು?" "ನಾಳೆ ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸುತ್ತಾರೋ?" ಬಣ್ಣದ ಕಾರಣಕ್ಕೆ ತಮಗೊಮ್ಮೆ ಬಾಡಿಗೆ ಮನೆ ಸಿಗಲಿಲ್ಲವೆಂದು ಇಂದಿಗೂ ನೊಂದುಕೊಳ್ಳುವ ಹಿರಿಯರೊಬ್ಬರು ಇನ್ನೊಬ್ಬರಿಗೆ ಬಾಗಿಲು ಮುಚ್ಚುವ ಮಾತನ್ನು ಇಷ್ಟು ಸರಾಗವಾಗಿ ಆಡಬಲ್ಲರೆಂದು ನಾನು ಎಣಿಸಿರಲಿಲ್ಲ.

ಹಾಗಿದ್ದೂ ಮಾತು ನಡೆಯಿತು. ನಾನು ಹೇಳಬೇಕೆಂದಿರುವುದು ಇದನ್ನೇ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಅಪ್ಪ ಅಮ್ಮನ ಎದುರು ಕುಳಿತು ವಾದ ಮಾಡಿದರು. ಹದಿನೇಳರ ಹುಡುಗಿಯೊಬ್ಬಳು, ತನಗೆ ಮತ ಹಾಕುವ ವಯಸ್ಸಾಗಿಲ್ಲದ್ದರಿಂದ, ತಂದೆಯ ಹಾಳೆಯ ಮೇಲೆ ತನ್ನ ಗೆಳತಿಯ ಹೆಸರು ಬರೆದ ಚೀಟಿ ಅಂಟಿಸಿ, "ಅಪ್ಪ, ಇವಳನ್ನು ನೆನೆದುಕೊಂಡು ಗುರುತು ಹಾಕಿ" ಎಂದಳಂತೆ. ಆ ತಂದೆ ಏನು ಗುರುತು ಹಾಕಿದರೋ ನಾನು ಕೇಳಲಿಲ್ಲ. ಅವರು ಒಂದು ವಾರ ಆ ಹಾಳೆಯನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದರು ಎಂಬುದಷ್ಟೇ ನನಗೆ ಗೊತ್ತು. ಅಷ್ಟು ಯೋಚನೆಯನ್ನು ಆ ಮನೆಯಲ್ಲಿ ಬೇರೆ ಯಾವುದೂ ಹುಟ್ಟಿಸಿರಲಾರದು.

ನಮ್ಮ ಮನೆಗೆ ಹಾಳೆ ಬಂದಾಗ ಅಮ್ಮ ಊರಿನಿಂದ ಬಂದಿದ್ದಳು. ಏನಿದು ಎಂದು ಕೇಳಿದಳು. ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಎಂದೂ ಮಾತಾಡದ ಸೋದರಮಾವನ ವಿಷಯ ತೆಗೆದಳು. ಮಾವ ಮದುವೆಯಾಗಿರಲಿಲ್ಲ. ಜಾತಕಗಳು ಬಂದವು, ಹೆಣ್ಣು ನೋಡುವ ಶಾಸ್ತ್ರಗಳಾದವು, ಎಲ್ಲಕ್ಕೂ ಆತ ಬೇಡವೆಂದು ತಲೆಯಾಡಿಸಿಬಿಟ್ಟ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ತನ್ನ ಸ್ನೇಹಿತನೊಬ್ಬನ ಜೊತೆ ಒಂದೇ ಮನೆಯಲ್ಲಿದ್ದ. ರಜೆಗೆ ಹೋದ ನಾವು ಮಕ್ಕಳು ಆ ಸ್ನೇಹಿತನನ್ನೂ ಮಾಮ ಎಂದೇ ಕರೆಯುತ್ತಿದ್ದೆವು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಆ ಸ್ನೇಹಿತ ಆಸ್ಪತ್ರೆಯಲ್ಲಿದ್ದಾಗ ಶಸ್ತ್ರಚಿಕಿತ್ಸೆಯ ಕಾಗದಕ್ಕೆ ಸಹಿ ಹಾಕಿದ್ದು ವರ್ಷಗಟ್ಟಲೆ ಮುಖ ತೋರಿಸದ ಅವನ ತಮ್ಮ. ತೀರಿಕೊಂಡಾಗ ಕರ್ಮ ಹಿಡಿದದ್ದೂ ಅವನೇ. ಹದಿಮೂರನೆಯ ದಿನ ಮುಗಿದ ಮೇಲೆ, ಮನೆ ಸ್ನೇಹಿತನ ಹೆಸರಿನಲ್ಲಿತ್ತಾದ್ದರಿಂದ, ಮಾವ ತನ್ನ ಬಟ್ಟೆಬರೆ ತೆಗೆದುಕೊಂಡು ಹೊರಬಂದ. "ನಾನು ಅಣ್ಣನಿಗೆ ಒಂದು ಮಾತು ಸಮಾಧಾನ ಹೇಳಲಿಲ್ಲ, ಏನೆಂದು ಹೇಳಬೇಕೋ ತಿಳಿಯಲಿಲ್ಲ" ಎಂದು ಅಮ್ಮ ಅತ್ತಳು. ಮದುವೆ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರ ಈ ನನ್ನ ಮಾವ. ಸಹಿ ಹಾಕಲು ಬೇಕು, ಚಿತೆಯ ಬಳಿ ನಿಲ್ಲಲು ಬೇಕು, ಸಂಗಾತಿ ಸತ್ತ ಮೇಲೆ ಅದೇ ಮನೆಯಲ್ಲಿ ಮಲಗಲು ಬೇಕು.

ದೊಡ್ಡಪ್ಪ "ನಮ್ಮ ಜನ" ಎಂದಾಗ ನನಗೆ ಆ ಮಾವನೇ ನೆನಪಾದದ್ದು. ನಮ್ಮಲ್ಲಿ ಜನ ಒಪ್ಪುವುದಿಲ್ಲ ಎನ್ನುವ ತೀರ್ಮಾನ ಮೊದಲು ಬರುತ್ತದೆ. ಜನರನ್ನು ಕೇಳುವ ಪ್ರಸಂಗ ಬರುವುದೇ ಇಲ್ಲ. ನ್ಯಾಯಾಲಯದಲ್ಲಿ ಕೇಂದ್ರ ಸರ್ಕಾರವೂ ಸಲಿಂಗ ವಿವಾಹದ ಬೇಡಿಕೆಯನ್ನು ನಗರದ ಗಣ್ಯರ ಅಭಿಪ್ರಾಯವೆಂದು ಕರೆಯಿತು. ಮಾವ ಇದ್ದದ್ದು ತಾಲ್ಲೂಕು ಕೇಂದ್ರವೊಂದರಲ್ಲಿ. ಆತ ಗಣ್ಯನಾಗಿರಲಿಲ್ಲ, ಗುಮಾಸ್ತನಾಗಿದ್ದ.

ಕೇಳಿದರೆ ಜನ ಏನೆನ್ನುತ್ತಾರೆಂದು ಮೊದಲೇ ತಿಳಿದವರಂತೆ ಮಾತಾಡುವುದು ಎಷ್ಟು ಅಪಾಯವೆಂಬುದಕ್ಕೆ ಐರ್ಲೆಂಡ್ ಇದೆ. ಚರ್ಚಿನ ಹಿಡಿತ ಬಿಗಿಯಾಗಿದ್ದ ಆ ದೇಶದಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಕಾನೂನಾದದ್ದೇ 1993ರಲ್ಲಿ. 2015ರ ಮೇ 22ರಂದು ಸಂವಿಧಾನ ತಿದ್ದುಪಡಿಗೆ ಜನಮತ ಕೇಳಿದರೆ ಶೇ 62ರಷ್ಟು ಮಂದಿ ಹೌದು ಎಂದರು. ಮುಂಬೈಯಿಂದ ಹೋದ ವೈದ್ಯರೊಬ್ಬರ ಮಗ ಲಿಯೋ ವರಾಡ್ಕರ್ ಅದೇ ವರ್ಷದ ಜನವರಿಯಲ್ಲಿ, ಆರೋಗ್ಯ ಸಚಿವರಾಗಿದ್ದಾಗಲೇ, ತಾನು ಸಲಿಂಗಿ ಎಂದು ರೇಡಿಯೊ ಸಂದರ್ಶನದಲ್ಲಿ ಹೇಳಿದರು. 2017ರಲ್ಲಿ ಅವರು ಪ್ರಧಾನಿಯಾದಾಗ ನಮ್ಮವನು ಎಂದು ಹೆಮ್ಮೆಪಟ್ಟವರು ನಮ್ಮ ಬಂಧುಬಳಗದಲ್ಲೇ ಇದ್ದರು. ನಮ್ಮವನಾಗಲು ಅಡ್ಡಿಯಾಗದ್ದು ನಮ್ಮ ಮನೆಯ ಹುಡುಗನಿಗೆ ಯಾಕೆ ಅಡ್ಡಿಯಾಗಬೇಕು?

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಆಸ್ಟ್ರೇಲಿಯಾದ ಆ ಮತದಾನ ಯಾರ ಬದುಕಿನ ಬಗ್ಗೆ ನಡೆಯಿತೋ ಅವರಿಗೆ ಅದು ಹಿಂಸೆಯಾಗಿತ್ತು. ನನ್ನ ಕಚೇರಿಯ ಒಬ್ಬಾಕೆ ತನ್ನ ಸಂಗಾತಿಯ ಜೊತೆ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ಫಲಿತಾಂಶ ಬಂದ ಮೇಲೂ ಆಕೆಗೆ ಖುಷಿಯಿರಲಿಲ್ಲ. "ನಮ್ಮ ಬೀದಿಯಲ್ಲಿ ನಡೆಯುವಾಗ ಯಾವ ಮನೆಯವರು ನನಗೆ ಬೇಡವೆಂದರು ಎಂದು ನೋಡುತ್ತಾ ಹೋಗುತ್ತೇನೆ" ಎಂದಳು. 2004ರಲ್ಲಿ ಮದುವೆಯೆಂದರೆ ಗಂಡು ಮತ್ತು ಹೆಣ್ಣಿನ ನಡುವಿನದು ಮಾತ್ರ ಎಂದು ಇದೇ ಸಂಸತ್ತು ಕಾಯ್ದೆ ತಿದ್ದಿದಾಗ ಯಾರ ಮನೆಗೂ ಹಾಳೆ ಬಂದಿರಲಿಲ್ಲ. ಕಿತ್ತುಕೊಳ್ಳಲು ಬೇಡವಾದ ಜನಾಭಿಪ್ರಾಯ ಹಿಂದಕ್ಕೆ ಕೊಡಲು ಬೇಕಾಯಿತು. ಹಾಳೆ ಎಣಿಸಿ ಮುಗಿದ ಮೇಲೂ ಕಾನೂನು ಮಾಡಿದ್ದು ಸಂಸತ್ತೇ, ಡಿಸೆಂಬರ್ 7ರಂದು. ಆ ಕೆಲಸವನ್ನು ಅದು ಮೊದಲೇ ಮಾಡಬಹುದಿತ್ತು. ಮತವೇನೂ ಯಾವಾಗಲೂ ಐರ್ಲೆಂಡಿನಂತೆ ಹೊರಳುವುದೂ ಇಲ್ಲ. ತೈವಾನಿನಲ್ಲಿ 2018ರ ನವೆಂಬರಿನಲ್ಲಿ ಜನರನ್ನು ಕೇಳಿದಾಗ ಹೆಚ್ಚಿನವರು ಬೇಡವೆಂದೇ ಹೇಳಿದರು. ಅಲ್ಲಿಯ ನ್ಯಾಯಾಲಯ ಅದಕ್ಕೂ ಮೊದಲೇ, 2017ರಲ್ಲಿ, ಇದು ಹಕ್ಕು ಎಂದು ತೀರ್ಪು ಕೊಟ್ಟಿದ್ದರಿಂದ 2019ರಲ್ಲಿ ಪ್ರತ್ಯೇಕ ಕಾನೂನು ಬಂತು.

ನಮ್ಮ ದೇಶ ಈ ಹಿಂಸೆಯನ್ನು ಯಾರಿಗೂ ಕೊಡಲಿಲ್ಲ. ಬ್ರಿಟಿಷರ ಕಾಲದ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾಗವನ್ನು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಯಾರ ಮತವನ್ನೂ ಕೇಳದೆ ತೆಗೆದುಹಾಕಿತು. ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಆ ಮಾತನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ತೈವಾನಿನ ಗತಿ ನೋಡಿದರೆ ನಮ್ಮಲ್ಲಿ ಆ ಹಾಳೆ ಹಂಚದಿರುವುದೇ ಒಳ್ಳೆಯದು ಎನಿಸುತ್ತದೆ. ನನಗೆ ಬೇಕಾಗಿರುವುದು ಆ ಹಾಳೆ ಮನೆಯೊಳಗೆ ಎಬ್ಬಿಸಿದ ಮಾತು.

ಹಾಗಾದರೆ ಸಂಸತ್ತು ಜನ ಒಪ್ಪುವವರೆಗೆ ಕಾಯಬೇಕೆ? 2023ರ ಪ್ರಕರಣದ ಅರ್ಜಿದಾರರು ನ್ಯಾಯಾಲಯದಲ್ಲಿ ಕೇಳಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ತಮಗೂ ನೋಂದಣಿ ಸಿಗಲಿ ಎಂದು. ಜಾತಿ ಬಿಟ್ಟು, ಧರ್ಮ ಬಿಟ್ಟು ಮದುವೆಯಾಗುವವರಿಗೆ ದಾರಿಯಾದ ಕಾಯ್ದೆ ಅದು. 1954ರಲ್ಲಿ ಅದನ್ನು ಜನರ ಮತಕ್ಕೆ ಹಾಕಿದ್ದರೆ ನಮ್ಮ ಯಾವ ಹಳ್ಳಿ, ಯಾವ ಅಗ್ರಹಾರ, ಯಾವ ಕೇರಿ ಹೌದು ಎನ್ನುತ್ತಿತ್ತು? ಅಂದಿನ ಸಂಸತ್ತು ಕಾಯಲಿಲ್ಲ. ಅಂತರ್ಜಾತಿ ಮದುವೆಯಾದ ನಮ್ಮ ಮನೆಯ ಮಕ್ಕಳು ಇಂದು ಅದೇ ಕಾಯ್ದೆಯ ಪ್ರಮಾಣಪತ್ರ ತೋರಿಸಿ ಪಾಸ್‌ಪೋರ್ಟ್ ಮಾಡಿಸಿಕೊಂಡು, ಸಂಗಾತಿಯ ವೀಸಾ ಪಡೆದು ಇಲ್ಲಿಗೆ ಬರುತ್ತಿದ್ದಾರೆ. ಅವರ ಅಪ್ಪ ಅಮ್ಮಂದಿರೇ ವಿಮಾನ ನಿಲ್ದಾಣದವರೆಗೆ ಬಂದು ಕಳುಹಿಸಿಕೊಡುತ್ತಾರೆ.