ಹಾರ ಹಾಕಿದರೆ ಕೇಸು ಖುಲಾಸೆ

ರಾಜಿ ಮಾಡಿಸಿ ಕೇಸು ಮುಗಿಸುವ ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆ ತೆರೆದರೆ ಆ ಫೋಟೊ ಇದ್ದೇ ಇರುತ್ತದೆ. ನಡುವೆ ನ್ಯಾಯಾಧೀಶರು, ಸುತ್ತ ವಕೀಲರು, ಮುಂದೆ ಹಾರ ಬದಲಾಯಿಸಿಕೊಳ್ಳುವ ಗಂಡ ಹೆಂಡತಿ. ಶೀರ್ಷಿಕೆ: ‘ಮುನಿಸು ಮರೆತು ಒಂದಾದ ದಂಪತಿ’. ಜಿಲ್ಲೆ ಯಾವುದೇ ಇರಲಿ, ವ್ಯತ್ಯಾಸ ಹಾರದಲ್ಲಿ ಮಾತ್ರ. ಒಂದು ಕಡೆ ಸೇವಂತಿಗೆ, ಇನ್ನೊಂದು ಕಡೆ ಸುಗಂಧರಾಜ. ಹೂವಿನ ದುಡ್ಡು ಯಾರು ಕೊಡುತ್ತಾರೆ, ಅರ್ಜಿದಾರಳೋ ಎದುರುದಾರನೋ ಎಂಬ ಕುತೂಹಲ ನನಗೆ ಬಹಳ ದಿನಗಳಿಂದ ಇದೆ.

ಮುನಿಸಂತೆ! ಹಬ್ಬಕ್ಕೆ ತವರಿಗೆ ಕಳಿಸದಿದ್ದರೆ ಬರುವುದು ಮುನಿಸು. ಕಪಾಳಕ್ಕೆ ಹೊಡೆದರೆ ಅದಕ್ಕೆ ಬೇರೆ ಹೆಸರಿದೆ. ಆದರೆ ನಮ್ಮಲ್ಲಿ ದಂಡ ಸಂಹಿತೆಗಿಂತ ಹಳೆಯ ಕಾಯ್ದೆಯೊಂದು ಜಾರಿಯಲ್ಲಿದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. 2024ರ ಜುಲೈಯಲ್ಲಿ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಕಲಂ 498ಎ ಹೋಗಿ 85 ಆಯಿತು. ಈ ಗಾದೆಗೆ ಮಾತ್ರ ತಿದ್ದುಪಡಿ ಇಲ್ಲ. ಠಾಣೆಗೆ ಹೋದವಳಿಗೆ ಮೊದಲು ಓದಿ ಹೇಳುವುದೇ ಇದನ್ನು.

ಗಾದೆಯನ್ನು ದಾಟಿದವಳು ದೂರಿನ ಸಾಹಿತ್ಯಕ್ಕೆ ಸಿಕ್ಕಿಬೀಳುತ್ತಾಳೆ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಕಾಲಿನಿಂದ ಒದ್ದು, ಪ್ರಾಣ ಬೆದರಿಕೆ ಹಾಕಿ…’ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಗಂಡಂದಿರೂ ಇದೇ ಅನುಕ್ರಮದಲ್ಲಿ ಹೊಡೆಯುತ್ತಾರೆ. ಕೈಯಿಂದ ಒದೆಯುವವರೂ ಇರಬಹುದೆಂಬ ಮುನ್ನೆಚ್ಚರಿಕೆಗೆ ‘ಕಾಲಿನಿಂದ’. ಅವಳು ಹೇಳಿದ್ದು ಕಾದ ಸೌಟಿನ ಬಗ್ಗೆ. ಸೌಟು ಕಾಗದಕ್ಕೆ ಬರಲಿಲ್ಲ, ಬದಲಿಗೆ ಎರಡನೇ ಆರೋಪಿ, ಅಂದರೆ ಎ2 ಮಾವ, ಎ3 ಅತ್ತೆ, ಎ4 ದುಬೈಯಲ್ಲಿರುವ ನಾದಿನಿ ಬಂದರು. ‘ಇರಲಿ ಬಿಡಮ್ಮ, ಕೇಸು ಗಟ್ಟಿಯಾಗುತ್ತದೆ’ ಎನ್ನುತ್ತಾನೆ ಬರೆದುಕೊಡುವವನು. ಮುಂದೆ ಆರೋಪಿ ಪರ ವಕೀಲರು ಎಳೆಯುವ ಮೊದಲ ದಾರ ಅದೇ ನಾದಿನಿ. ದುಬೈಯಿಂದ ಒದೆಯಲು ಎಷ್ಟು ಉದ್ದದ ಕಾಲು ಬೇಕು ಸ್ವಾಮಿ?

ಪಾಟೀ ಸವಾಲಿನ ಕನ್ನಡವಂತೂ ಇನ್ನೂ ಸೊಗಸು. ‘ನಾನು ಬಚ್ಚಲಿನಲ್ಲಿ ಜಾರಿ ಬಿದ್ದು ಗಾಯ ಮಾಡಿಕೊಂಡೆ ಎಂದರೆ ಸರಿಯಲ್ಲ. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ವಾಕ್ಯವೆಲ್ಲ ವಕೀಲರದು, ಅವಳ ಪಾಲಿಗೆ ಬಾಲ ಮಾತ್ರ. ಅಂದ ಹಾಗೆ, ಈ ಕಡತಗಳನ್ನು ನಂಬುವುದಾದರೆ ನಾಡಿನ ಬಚ್ಚಲುಗಳನ್ನೆಲ್ಲ ತಕ್ಷಣ ಮುಚ್ಚಿಸಬೇಕು. ಅಲ್ಲಿ ಜಾರುವುದು ಹೆಂಗಸರು ಮಾತ್ರ, ಅದೂ ಮದುವೆಯಾದ ಮೇಲೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 44 ಮಂದಿ ಗಂಡನ ಹಿಂಸೆ ಕಂಡವರು. ಹೆಂಡತಿಗೆ ಹೊಡೆಯಲು ತಕ್ಕ ಕಾರಣ ಯಾವುದೆಂದು ಅದೇ ಸಮೀಕ್ಷೆ ಗಂಡಸರನ್ನೂ ಕೇಳಿತು. ಏಳು ಕಾರಣಗಳ ಪಟ್ಟಿಯಲ್ಲಿ ಅಡುಗೆ ಸರಿ ಮಾಡದಿರುವುದೂ ಒಂದು. ನಮ್ಮಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಗಂಡಸರು ಒಂದಾದರೂ ಕಾರಣಕ್ಕೆ ತಲೆಯಾಡಿಸಿದರು. ಸಾರಿಗೆ ಉಪ್ಪು ಹೆಚ್ಚಾದರೆ ನಾನೂ ಗೊಣಗುತ್ತೇನೆ. ನೀರು ಬೆರೆಸಿದರಾಯಿತು ಎಂದು ನಮ್ಮಜ್ಜಿ ಹೇಳಿಕೊಟ್ಟಿದ್ದಳು.

498ಎ ಇರಲಿ, 85 ಇರಲಿ, ರಾಜಿಗೆ ಒಗ್ಗದ ಅಪರಾಧ ಎನ್ನುತ್ತದೆ ಕಾನೂನು. ಒಗ್ಗಿಸಿಕೊಳ್ಳಲು ನಮಗೆ ಗೊತ್ತು. ಜೀವನಾಂಶದ ಕಡತವನ್ನು ಅದಾಲತ್ತಿನಲ್ಲಿ ಹಾರ ಹಾಕಿ ಮುಗಿಸಿ, ಆ ಕೇಸನ್ನು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುವುದು ಒಂದು ದಾರಿ. ಇನ್ನೊಂದು ಅಗ್ಗದ್ದು: ಅವಳೇ ಕಟಕಟೆಯಲ್ಲಿ ‘ನನಗೇನೂ ಗೊತ್ತಿಲ್ಲ’ ಎಂದರೆ ಪ್ರತಿಕೂಲ ಸಾಕ್ಷಿ, ಗಂಡ ಖುಲಾಸೆ.

ಸಾಕು, ತಮಾಷೆ ಮಾಡುವ ಉತ್ಸಾಹ ಹೋಯಿತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದಿದೆ. ಪ್ರಯತ್ನ ನಡೆಯುತ್ತಲೇ ಇದೆ. ವರ್ಷಗಟ್ಟಲೆ ಅಲೆಸಿ, ಬಸ್ಸಿನ ದುಡ್ಡೂ ತವರಿನವರ ತಾಳ್ಮೆಯೂ ಮುಗಿದು ಕತ್ತು ಬಗ್ಗಿಸಿದವಳಿಗೆ ಹಾರ ಹಾಕಿ, ಅದಕ್ಕೆ ಒಪ್ಪಿಗೆ ಎಂದು ಹೆಸರಿಡುತ್ತೀರಿ. ನಾಚಿಕೆಯಾಗಬೇಕು.

ರಾಜಿಯೇ ಬೇಡ ಎನ್ನುತ್ತಿಲ್ಲ, ನಿಜಕ್ಕೂ ಸರಿಹೋದ ಮನೆಗಳಿವೆ. ಆದರೆ ತಿಂಗಳು ಬಿಟ್ಟು ಹೋಗಿ ‘ಹೇಗಿದ್ದೀಯಮ್ಮ?’ ಎಂದು ಯಾರಾದರೂ ಕೇಳಬೇಕಲ್ಲ? ಅದೇ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಎಂಬ ಹುದ್ದೆ ಇದೆ. ನಮ್ಮ ರಾಜ್ಯದಲ್ಲಿ ಆ ಹೊಣೆಯನ್ನು ಹೊರಿಸಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ. ಅವರು ಅಂಗನವಾಡಿಯ ಮೊಟ್ಟೆ ಲೆಕ್ಕ ಮುಗಿಸಿ ಬರುತ್ತಾರೆ. ಅಲ್ಲಿಯವರೆಗೆ ಬಚ್ಚಲಿನಲ್ಲಿ ಹುಷಾರು, ತಾಯಿ.